ಅಪ್ಪನ ಜೊತೆ ಹೋದ ಕುಟುಂಬ ಧ್ಯಾನಕೂಟ: ಯಾರು ಹೋಗಬಹುದು, ಯಾರು ಯೋಚಿಸಿ ಹೋಗಬೇಕು

ಮನೆಯೊಳಗಿನ ಹಳೇ ಮನಸ್ತಾಪಗಳಿಗೆ ಅಂತಲೇ ನಡೆಸುವ ಒಂದು ಕ್ರೈಸ್ತ ಧ್ಯಾನಕೂಟಕ್ಕೆ ಅಪ್ಪನ ಜೊತೆ ಹೋಗಿ ಬಂದೆ. ಶುಕ್ರವಾರ ಸಂಜೆ ಶುರು, ಭಾನುವಾರದ ಬಲಿಪೂಜೆಗೆ ಮುಗಿಯುತ್ತೆ. ಇಂಥ ಕಡೆ ಹೋಗೋಣವೋ ಬೇಡವೋ ಅಂತ ಒದ್ದಾಡುವವರು ತುಂಬಾ ಜನ ಇರ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ನಮಗೆ ಇದರಿಂದ ಒಳ್ಳೆಯದಾಯಿತು. ಆದರೆ ಅಲ್ಲಿ ನಡೆದದ್ದೆಲ್ಲ ನನಗೆ ಒಪ್ಪಿಗೆಯಾಗಲಿಲ್ಲ, ಅದನ್ನೂ ಹೇಳುತ್ತೇನೆ.

ನಮ್ಮ ವಿಷಯ ಇಷ್ಟು. ನಾನು ಚಿಕ್ಕವಳಿದ್ದಾಗ ಅಪ್ಪ ತುಂಬಾ ಕುಡಿಯುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಬಿಟ್ಟರು. ಕುಡಿತ ನಿಂತಿತು, ಆದರೆ ನಮ್ಮ ನಡುವೆ ಮಾತು ಮಾತ್ರ ಹುಟ್ಟಲಿಲ್ಲ. ಫೋನ್ ಮಾಡಿದರೆ ಬಿಪಿ ಎಷ್ಟಿದೆ, ಮಾತ್ರೆ ತಗೊಂಡ್ರಾ, ಅಷ್ಟೇ. ತಮ್ಮನಂತೂ ಅವರ ಫೋನೇ ಎತ್ತುತ್ತಿರಲಿಲ್ಲ. ಧ್ಯಾನಕೂಟಕ್ಕೆ ಹೋಗೋಣ ಅಂದದ್ದು ಅಪ್ಪನೇ. ತಮ್ಮ ಬರಲ್ಲ ಅಂದ.

ಮೊದಲು ನನಗೆ ಹಿಡಿಸಿದ್ದು, ಬಂದ ತಕ್ಷಣ ನಮ್ಮನ್ನು ಎದುರುಬದುರು ಕೂರಿಸಲಿಲ್ಲ. ಮನೆಯವರನ್ನು ಬೇರೆ ಬೇರೆ ಗುಂಪಿಗೆ ಹಾಕಿದರು. ನನ್ನ ಗುಂಪಿಗೆ ಫಾದರ್ ಒಬ್ಬರು ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯ ಓದಿದರು, ತಪ್ಪಿಹೋದ ಮಗನ ಸಾಮ್ಯ. ಆಸ್ತಿಯ ಪಾಲನ್ನೆಲ್ಲ ಹಾಳು ಮಾಡಿ ವಾಪಸ್ ಬಂದ ಕಿರಿಯ ಮಗನನ್ನು ತಂದೆ ಔತಣ ಮಾಡಿ ಸೇರಿಸಿಕೊಳ್ಳುವ ಕಥೆ. ಇದನ್ನು ಕೇಳದೇ ಇರೋ ಕ್ರೈಸ್ತರು ಯಾರಿದ್ದಾರೆ? ಮತ್ತೆ ಅದೇ ಅಂದುಕೊಂಡೆ. ಆದರೆ ಅವರು ಕಿರಿಯವನನ್ನು ಬೇಗ ಮುಗಿಸಿ, ಹೊಲದಿಂದ ಬಂದು ಮನೆಯೊಳಗೆ ಕಾಲಿಡದೆ ನಿಂತ ಹಿರಿಯ ಮಗನ ಹತ್ತಿರ ನಿಂತುಬಿಟ್ಟರು. ಅವನ ಸಿಟ್ಟು ಸುಳ್ಳಲ್ಲ, ಅವನು ದುಡಿದದ್ದೂ ನಿಜ ಅಂದರು. ತಂದೆ ಅವನನ್ನು ಕರೆಯಲು ತಾನೇ ಹೊರಗೆ ಬರುತ್ತಾನೆ. ಅವನು ಒಳಗೆ ಹೋದನಾ ಅನ್ನೋದನ್ನು ಯೇಸುಸ್ವಾಮಿ ಹೇಳುವುದೇ ಇಲ್ಲ. ನಮ್ಮ ಮನೆಯಲ್ಲಿ ತಪ್ಪಿಹೋಗಿದ್ದು ಮಗನಲ್ಲ, ಅಪ್ಪ. ಆದರೂ ಆ ಹೊರಗೆ ನಿಂತವನ ಕಥೆ ನನ್ನದೇ ಅನ್ನಿಸಿತು.

ಅಪ್ಪನ ಗುಂಪನ್ನು ನೋಡಿಕೊಂಡದ್ದು ಒಬ್ಬ ಸಿಸ್ಟರ್. ಅವರು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟಿದ್ದರು, ಮೂರು ಕಾಲಂ ಇದ್ದದ್ದು. ನಾನು ಏನು ಮಾಡಿದೆ, ಅದರಿಂದ ಅವರಿಗೆ ಏನಾಯಿತು, ಈಗ ನನ್ನ ಕೈಲಿ ಏನಾಗುತ್ತೆ. ಅಪ್ಪ ಮೊದಲನೇ ಕಾಲಂನಲ್ಲಿ ಬರೆದದ್ದು: "ಕುಡಿಯುತ್ತಿದ್ದೆ. ಆದರೂ ಮಕ್ಕಳ ಫೀಸು ಒಂದು ದಿನವೂ ತಪ್ಪಿಸಲಿಲ್ಲ." ಸಿಸ್ಟರ್ ಓದಿ, "ಈ ಎರಡನೇ ವಾಕ್ಯ ಯಾರಿಗೋಸ್ಕರ ಬರೆದ್ರಿ?" ಅಂತ ಮೆಲ್ಲಗೆ ಕೇಳಿದರಂತೆ. ಆಮೇಲೆ ಆ ಹಾಳೆಯನ್ನು ಅಪ್ಪ ನನಗೆ ತೋರಿಸಿದರು. ಎರಡನೇ ವಾಕ್ಯವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಆ ಜಾಗ ತೆಳ್ಳಗಾಗಿತ್ತು. ಪಕ್ಕದ ಕಾಲಂನಲ್ಲಿ, "ಅಮ್ಮನಿಗೆ ಎಚ್ಚರ ಆಗಬಾರದು ಅಂತ ಮಗಳು ಬಾಗಿಲ ಹತ್ತಿರ ಮಲಗುತ್ತಿದ್ದಳು" ಅಂತ ಇತ್ತು. ಅದು ಅವರಿಗೆ ಗೊತ್ತಿತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಮೂರನೇ ಕಾಲಂ, ಯೇಸುವನ್ನು ಕಂಡು ಬದಲಾದ ತೆರಿಗೆ ವಸೂಲಿಗಾರ ಜಕ್ಕಾಯನ ಕಥೆಯಿಂದ ಬಂದದ್ದು. ಅವನು ಬರೀ ಕಣ್ಣೀರು ಹಾಕಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಅಂತ ಲೆಕ್ಕ ಹೇಳಿದ. ಅಪ್ಪನಿಗೆ ಈ ದಾರಿ ಪೂರ್ತಿ ಹೊಸದಲ್ಲ. ಅವರು ಕುಡಿತ ಬಿಟ್ಟದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗಿ. 1935ರಲ್ಲಿ ಅಮೆರಿಕದಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಸೇರಿ ಶುರು ಮಾಡಿದ ಕೂಟ ಅದು. ಅದರ 12 ಹೆಜ್ಜೆಗಳಲ್ಲಿ ಎಂಟನೆಯದು ನಾವು ನೋಯಿಸಿದವರ ಪಟ್ಟಿ ಮಾಡುವುದು. ಒಂಬತ್ತನೆಯದು, ಅವರಿಗೆ ಇನ್ನಷ್ಟು ಹಾನಿ ಆಗದ ಹಾಗಿದ್ದರೆ, ನೇರವಾಗಿ ಹೋಗಿ ಸರಿಪಡಿಸುವುದು. ಅಪ್ಪ ಪಟ್ಟಿ ಮಾಡಿ ಅಲ್ಲೇ ನಿಂತಿದ್ದರು. ಪಟ್ಟಿಯಲ್ಲಿ ಮೊದಲ ಹೆಸರು ಅಮ್ಮನದು. ಅವರೇ ಇಲ್ಲ, ಇನ್ನು ಯಾರ ಹತ್ತಿರ ಹೋಗೋದು ಅನ್ನೋದು ಅವರ ಕೊರಗು.

ಇದಕ್ಕೆ ಸಿಸ್ಟರ್ ಕೊಟ್ಟ ಉತ್ತರಕ್ಕೇ ನಾನು ಈ ಕೂಟಕ್ಕೆ ಹೆಚ್ಚು ಅಂಕ ಕೊಡುವುದು. ಯೇಸುವಿನ ಶಿಷ್ಯರಾದ ಪೇತ್ರ, ಯೂದ ಇಬ್ಬರಿಗೂ ಪಶ್ಚಾತ್ತಾಪ ಆಯಿತಲ್ವಾ ಅಂದರಂತೆ. ಯೇಸುವನ್ನು ಹಿಡಿದುಕೊಟ್ಟದ್ದಕ್ಕೆ ಸಿಕ್ಕಿದ್ದ 30 ಬೆಳ್ಳಿ ನಾಣ್ಯವನ್ನು ಯೂದ ವಾಪಸ್ ಕೊಟ್ಟ, ಆದರೆ ಯೇಸುವಿನ ಹತ್ತಿರ ಹೋಗಲಿಲ್ಲ, ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಪೇತ್ರ ಇದ್ದಿಲ ಬೆಂಕಿ ಕಾಯಿಸುತ್ತಾ ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ನಿರಾಕರಿಸಿದ್ದ. ಯೊವಾನ್ನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಮತ್ತೆ ಇದ್ದಿಲ ಬೆಂಕಿ, ಮತ್ತೆ ಮೂರು ಸಲ, "ನೀನು ನನ್ನನ್ನು ಪ್ರೀತಿಸುತ್ತೀಯಾ?" ಹಳೆಯದನ್ನು ಯೇಸು ಮುಚ್ಚಿಹಾಕಲಿಲ್ಲ. ಅದೇ ಜಾಗಕ್ಕೆ ಕರೆದುಕೊಂಡು ಹೋಗಿ ಕೆಲಸ ಒಪ್ಪಿಸಿದರು. ಅಮ್ಮನಿಗಾಗಿ ಪ್ರಾರ್ಥನೆ ಮಾಡಿ, ಪೂಜೆ ಸಲ್ಲಿಸಿ, ಅವಳಿಗೆ ಕೊಡಲಾಗದ್ದನ್ನು ಅವಳ ಮಕ್ಕಳಿಗೆ ಕೊಡಿ ಅಂತ ಸಿಸ್ಟರ್ ಹೇಳಿ ಕಳಿಸಿದರು.

ಆ ರಾತ್ರಿ ಅಪ್ಪ ಎಷ್ಟೋ ಕಾಲದ ನಂತರ ಪಾಪನಿವೇದನೆ ಮಾಡಿದರು, ಅಂದರೆ ಗುರುಗಳ ಹತ್ತಿರ ಗುಟ್ಟಾಗಿ ಪಾಪಗಳನ್ನು ಹೇಳಿಕೊಂಡರು. ಫಾದರ್ ಒಂದು ಮಾತನ್ನು ಎಲ್ಲರಿಗೂ ಸ್ಪಷ್ಟವಾಗಿ ಹೇಳಿದ್ದರು: ಪಾಪನಿವೇದನೆ ಮಾಡಿದೆವು, ಇನ್ನು ಮನೆಯವರ ಹತ್ತಿರ ಹೇಳಬೇಕಾಗಿಲ್ಲ ಅಂದುಕೊಳ್ಳಬೇಡಿ. ಮತ್ತಾಯ 5ರಲ್ಲಿ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತಿದೆ.

ಶನಿವಾರ ಮಧ್ಯಾಹ್ನ ನಾವಿಬ್ಬರೂ ಕೂತೆವು, ಸಿಸ್ಟರ್ ಜೊತೆಗಿದ್ದರು. ಮೊದಲು ನಾನು ಮಾತಾಡಬೇಕು, ಅಪ್ಪ ಮಧ್ಯೆ ಬಾಯಿ ಹಾಕುವಂತಿಲ್ಲ. ಇದೊಂದೇ ನಿಯಮ. ನಾನು ಹೇಳುತ್ತಾ ಹೋದೆ. ಅಪ್ಪ ಕೈ ಕಟ್ಟಿಕೊಂಡು ಕೇಳಿದರು, ಒಂದು ಸಲ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಕೊನೆಗೆ ಅವರು ಅಂದದ್ದು, "ನೀನು ಹೇಳಿದ್ದೆಲ್ಲಾ ನಿಜ ಮಗಳೇ. ನಾನೇ ಮಾಡಿದ್ದು." ತಬ್ಬಿಕೊಳ್ಳಿ, ಕೈ ಹಿಡಿಯಿರಿ ಅಂತ ಯಾರೂ ಒತ್ತಾಯ ಮಾಡಲಿಲ್ಲ. ಇದಕ್ಕೆ ನಾನು ಕೃತಜ್ಞಳು.

ಭಾನುವಾರದ ಜೋಸೆಫನ ಕಥೆಯೂ ಚೆನ್ನಾಗಿತ್ತು. ತನ್ನನ್ನು ಗುಲಾಮನಾಗಿ ಮಾರಿದ್ದ ಅಣ್ಣಂದಿರನ್ನು ಎಷ್ಟೋ ವರ್ಷದ ಮೇಲೆ ಕಂಡ ಕೂಡಲೇ ಅವನು ಗುರುತು ಹೇಳಿಕೊಳ್ಳಲ್ಲ. ಅವರು ಬದಲಾಗಿದ್ದಾರಾ ಅಂತ ನೋಡುತ್ತಾನೆ. ಕಿರಿಯ ತಮ್ಮ ಬೆನ್ಯಾಮೀನನ ಬದಲು ನಾನೇ ಗುಲಾಮನಾಗಿರುತ್ತೇನೆ ಅಂತ ಅಣ್ಣಂದಿರಲ್ಲೊಬ್ಬನಾದ ಯೆಹೂದ ಅಂದ ಮೇಲೆ ಅವನಿಗೆ ಅಳು ತಡೆಯಲಾಗುವುದಿಲ್ಲ. ಇದಾಗಿ ಅವರ ತಂದೆ ಯಕೋಬ 17 ವರ್ಷ ಈಜಿಪ್ಟಿನಲ್ಲಿ ಬದುಕಿ ತೀರಿಕೊಂಡಾಗ, ಅಣ್ಣಂದಿರಿಗೆ ಮತ್ತೆ ಭಯ, ಈಗ ಸೇಡು ತೀರಿಸಿಕೊಂಡರೆ ಅಂತ! ಅಷ್ಟು ವರ್ಷ ಕಳೆದರೂ ಅವರಿಗೆ ನಂಬಿಕೆ ಬಂದಿರಲಿಲ್ಲ. ನನಗೂ ಅಪ್ಪನ ಮೇಲೆ ನಂಬಿಕೆ ಒಂದೇ ದಿನದಲ್ಲಿ ಬರಬೇಕಾಗಿಲ್ಲ ಅಂತ ಇದರಿಂದ ಧೈರ್ಯ ಬಂತು. ಕ್ಷಮಿಸಲು ತೀರ್ಮಾನ ಮಾಡುವುದು ಬೇರೆ, ಮನಸ್ಸಿನ ನೋವು ಕರಗುವುದು ಬೇರೆ ಅಂತ ಎವರೆಟ್ ವರ್ದಿಂಗ್ಟನ್ ಅನ್ನೋ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಸ್ವಂತ ತಾಯಿ ಕೊಲೆಯಾದ ನೋವನ್ನು ಅನುಭವಿಸಿದ ಕ್ರೈಸ್ತ ಅವರು. ನಾನು ತೀರ್ಮಾನ ಮಾಡಿದ್ದೇನೆ. ನೋವು ಕರಗಲು ಟೈಮ್ ಬೇಕು.

ಇನ್ನು ಸರಿ ಅನ್ನಿಸದ್ದು. ಶನಿವಾರ ರಾತ್ರಿ ಮೈಕಿನ ಮುಂದೆ ಸಾಕ್ಷಿ ಹೇಳಲು, ಅಂದರೆ ತಮ್ಮ ಅನುಭವವನ್ನು ಎಲ್ಲರೆದುರು ಹೇಳಿಕೊಳ್ಳಲು ಕರೆದರು. ಕೆಲವರು ಆಸೆಯಿಂದ ಹೋದರು, ಆದರೆ ಹೆದರಿ ಹಿಂಜರಿಯುತ್ತಿದ್ದ ಒಬ್ಬ ಹುಡುಗನನ್ನೂ ಬಲವಂತ ಮಾಡಿ ಕರೆದರು. ಅವನ ಮನೆಯ ವಿಷಯ ಅಷ್ಟು ಜನರಿಗೆ ಯಾಕೆ? ಪಾಪನಿವೇದನೆಯ ಗುಟ್ಟನ್ನು ಪ್ರಾಣ ಹೋದರೂ ಬಿಟ್ಟುಕೊಡದ ಧರ್ಮಸಭೆ ನಮ್ಮದು, ಮೈಕಿನ ಮುಂದೆ ಆ ಎಚ್ಚರ ಎಲ್ಲಿ ಹೋಯಿತು? ಇನ್ನೊಬ್ಬ ಭಾಷಣಕಾರರು, "ಎಲ್ಲಾ ಮರೆತು ಗಂಡನ ಮನೆಗೆ ವಾಪಸ್ ಹೋಗಿ" ಅಂತ ಹೆಂಗಸರಿಗೆ ಹೇಳಿದರು. ನನ್ನ ಪಕ್ಕದಲ್ಲಿ ಕೂತಿದ್ದವರು ಏಟು ತಿಂದು ಬಂದವರು. ಅವರ ಮುಖ ಬಿಳಿಚಿಕೊಂಡಿತು. ನನಗೆ ತುಂಬಾ ಕೋಪ ಬಂತು. "ಸಾಧ್ಯವಾದರೆ, ನಿಮ್ಮಿಂದಾಗುವಷ್ಟು" ಎಲ್ಲರ ಜೊತೆ ಸಮಾಧಾನದಿಂದ ಇರಿ ಅನ್ನುವುದು ಪೌಲರ ಮಾತು, ರೋಮನ್ನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿದೆ. ಹೊಡೆಯುವವನನ್ನು ಕ್ಷಮಿಸಬಹುದು, ಅವನ ಜೊತೆ ಒಂದೇ ಮನೆಯಲ್ಲಿ ಇರಲೇಬೇಕು ಅಂತ ಸುವಾರ್ತೆ ಎಲ್ಲೂ ಕಟ್ಟಿಹಾಕಲ್ಲ. ನಾನು ಇದನ್ನು ಬರೆದು ಕೊಟ್ಟು ಬಂದಿದ್ದೇನೆ.

ಹಾಗಾಗಿ ಮನೆಯಲ್ಲಿ ಈಗಲೂ ಹೊಡೆತ ಬಡಿತ ಇದ್ದರೆ, ಅಥವಾ ಕುಡಿತ ಇನ್ನೂ ನಿಂತಿಲ್ಲದಿದ್ದರೆ, ಮೊದಲು ಸುರಕ್ಷತೆ, ಚಿಕಿತ್ಸೆ. ಧ್ಯಾನಕೂಟ ಆಮೇಲೆ. ತಪ್ಪು ಮಾಡಿದವರಿಗೆ ಒಪ್ಪಿಕೊಳ್ಳುವ ಮನಸ್ಸು ಬಂದಿದ್ದು, ಬಾಯಿಗೆ ಮಾತು ಸಿಗದವರಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಹೆಸರು ಕೊಡುವ ಮುಂಚೆ ಫೋನ್ ಮಾಡಿ ಕೇಳಿ: ಮನೆಯವರು ಕೂತು ಮಾತಾಡುವಾಗ ಜೊತೆಗೆ ಯಾರಿರ್ತಾರೆ, ಅವರಿಗೆ ಕೌನ್ಸೆಲಿಂಗ್ ತರಬೇತಿ ಆಗಿದೆಯಾ, ಸಾಕ್ಷಿ ಹೇಳಲ್ಲ ಅಂದರೆ ಒಪ್ಪುತ್ತಾರಾ, ಮುಗಿದ ಮೇಲೂ ಫೋನಿಗೆ ಸಿಗುತ್ತಾರಾ. ನಮ್ಮ ಸಿಸ್ಟರ್ ಈಗಲೂ ಫೋನ್ ಮಾಡಿ ವಿಚಾರಿಸುತ್ತಾರೆ.

ಅಪ್ಪನ ಮೂರನೇ ಕಾಲಂನಲ್ಲಿ, "ಮಗನಿಗೆ ನಾನೇ ಫೋನ್ ಮಾಡುವುದು, ಎತ್ತದಿದ್ದರೆ ಬೈಯದಿರುವುದು" ಅಂತಿತ್ತು. ಹಾಗೇ ಮಾಡುತ್ತಿದ್ದಾರೆ. ತಮ್ಮ ಇನ್ನೂ ಸರಿಯಾಗಿ ಮಾತಾಡಲ್ಲ, ಆದರೆ ಫೋನ್ ಎತ್ತುತ್ತಾನೆ. ಅವನು ಯಾವಾಗಾದರೂ ಬರ್ತೀನಿ ಅಂದರೆ, ಅದೇ ಸಿಸ್ಟರ್ ನಡೆಸುವ ಕೂಟಕ್ಕೇ ಮೂವರ ಹೆಸರೂ ಕೊಡುತ್ತೇನೆ.