ಅಂಕಲ್ ಟುಪೆಲೊ: ಮೊದಲು ಯಾವ ಆಲ್ಬಂ?

ಅಮೆರಿಕದ ಇಲಿನಾಯ್‌ ರಾಜ್ಯದ ಬೆಲ್‌ವಿಲ್ ಊರಿನ ಅಂಕಲ್ ಟುಪೆಲೊ ರಾಕ್ ತಂಡವನ್ನು ಕೇಳಲು ಹೊರಟವರಿಗೆ ಎರಡು ದಾರಿಗಳಿವೆ.

‘ನೋ ಡಿಪ್ರೆಶನ್’ (1990) ಚೊಚ್ಚಲ ಆಲ್ಬಂ. ಬಾಸ್ಟನ್ನಿನ ಫೋರ್ಟ್ ಅಪಾಚೆ ಸ್ಟುಡಿಯೋದಲ್ಲಿ ಶಾನ್ ಸ್ಲೇಡ್, ಪಾಲ್ ಕೋಲ್ಡೆರಿ ನಿರ್ಮಿಸಿದ್ದು. ಖರ್ಚು ಸುಮಾರು 3,500 ಡಾಲರ್. ಪಂಕ್ (ವೇಗದ, ಒರಟು ರಾಕ್) ಗಿಟಾರ್ ಅಬ್ಬರಿಸುತ್ತಿರುವಾಗಲೇ ತಟ್ಟನೆ ನಿಂತು, ಮತ್ತೆ ನುಗ್ಗುತ್ತದೆ. ಆ ಗದ್ದಲದ ನಡುವೆ ಕಾರ್ಟರ್ ಕುಟುಂಬ ಎಂಬ ಅಮೆರಿಕದ ಜನಪದ ಗಾಯಕ ತಂಡದ ಹಳೆಯ ಭಕ್ತಿಗೀತೆಯೂ ಇದೆ. ಆಲ್ಬಂಗೆ ಹೆಸರು ಬಂದದ್ದು ಅದರಿಂದಲೇ. ವಿಮರ್ಶಕರು ಮೆಚ್ಚಿದರು. 1995ರಲ್ಲಿ ಶುರುವಾದ ಪತ್ರಿಕೆಯೊಂದು ಇದೇ ಹೆಸರಿಟ್ಟುಕೊಂಡಿತು. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಇನ್ನೇನು ಬೇಕು?

‘ಮಾರ್ಚ್ 16–20, 1992’ರ ಹೆಸರೇ ಧ್ವನಿಮುದ್ರಣದ ಐದು ದಿನಗಳ ಲೆಕ್ಕ. ಜಾರ್ಜಿಯಾದ ಏಥೆನ್ಸ್‌ನಲ್ಲಿ ಆರ್‌.ಇ.ಎಂ. ರಾಕ್ ತಂಡದ ಗಿಟಾರ್ ವಾದಕ ಪೀಟರ್ ಬಕ್ ನಿರ್ಮಿಸಿದರು. ಬಹುತೇಕ ಅಕೌಸ್ಟಿಕ್ (ವಿದ್ಯುತ್ ಬೇಡದ) ವಾದ್ಯಗಳು, ಗಣಿ ಕಾರ್ಮಿಕರ ಹಾಡು, ಜನಪದ ಗೀತೆಗಳು. ಅಬ್ಬರವಿಲ್ಲದ ಕಾರಣ ತಂಡದ ಗಾಯಕ ಜೇ ಫರಾರ್ ಅವರ ಭಾರವಾದ ಕಂಠ ಇಲ್ಲಿ ನೇರವಾಗಿ ನಾಟುತ್ತದೆ.

ರಾಕ್ ಒಗ್ಗುವವರು ಮೊದಲನೆಯದನ್ನೇ ಹಿಡಿಯಲಿ. ಗದ್ದಲ ಸಹಿಸದವರಿಗೆ ಎರಡನೆಯದು. ನನ್ನ ಮತವೂ ಅದಕ್ಕೇ, ಚರಿತ್ರೆಯ ಶ್ರೇಯಸ್ಸು ಮೊದಲನೆಯದಕ್ಕೆ ಸಂದಿದ್ದರೂ.