ಕೂಪನ್ ಜೋಡಿಸಿಕೊಡುವ ಆ್ಯಪ್ ನಂಬಿ ಕಾಗದದ ಕೂಪನ್ ಎಸೆಯಬೇಡಿ

ಮೊದಲೇ ಹೇಳಿಬಿಡುತ್ತೇನೆ. "ನಿಮ್ಮ ದಿನಸಿ ಕೂಪನ್‌ಗಳ ಫೋಟೋ ತೆಗೆದು ಹಾಕಿ ಸಾಕು, ಜೋಡಿಸಿ ಇಡುವ ಕೆಲಸ ನಮ್ಮದು" ಅನ್ನುವ ಆ್ಯಪ್ ಕಣ್ಣಿಗೆ ಬಿದ್ದರೆ ಎರಡು ಕೆಲಸ ಮಾಡಬೇಡಿ. ಕಾಗದದ ಕೂಪನ್ ಎಸೆಯಬೇಡಿ. ಕಾರ್ಡ್ ನಂಬರ್ ಕೊಡಬೇಡಿ. ಪುರುಸೊತ್ತಿಲ್ಲದವರು ಇಷ್ಟಕ್ಕೇ ನಿಲ್ಲಿಸಬಹುದು. ಇದ್ದವರು ಪೂರ್ತಿ ಓದಿ, ನನ್ನ ಸಿಟ್ಟಾದರೂ ಸ್ವಲ್ಪ ಇಳಿಯಲಿ.

ಆ್ಯಪ್ ಹೆಸರು ಬರೆಯುತ್ತಿಲ್ಲ. ಇಂಥವು ಒಂದು ಹೋದರೆ ಇನ್ನೊಂದು ಹೆಸರಲ್ಲಿ ಬರುತ್ತಲೇ ಇರುತ್ತವೆ. ಮಾತು ಮಾತ್ರ ಅದೇ: ಸಮಯ ಉಳಿಸಿ, ಹಣ ಉಳಿಸಿ, ಕಾಗದದ ರಗಳೆ ಬಿಡಿ.

ನನಗೇನೂ ಕೂಪನ್ ಹೊಸದಲ್ಲ. ವರ್ಷಗಳಿಂದ ಕತ್ತರಿಸಿ ಎತ್ತಿಡುತ್ತಾ ಬಂದವಳು. ಮನೆಯಲ್ಲಿ ಹಳೇ ಫೋಟೋ ಆಲ್ಬಮ್ ಒಂದಿದೆ. ಅದರ ಪ್ಲಾಸ್ಟಿಕ್ ಜೇಬಿಗೆ ಒಂದೊಂದು ಕೂಪನ್. ಮುಂದೆ ರಿಯಾಯಿತಿ ಕಾಣುತ್ತದೆ, ಹಾಳೆ ತಿರುಗಿಸಿದರೆ ಹಿಂದಿನ ಷರತ್ತು ಕಾಣುತ್ತದೆ. ಬೇಗ ಅವಧಿ ಮುಗಿಯುವವು ಮೊದಲ ಹಾಳೆಗಳಲ್ಲಿ, ಉಳಿದವು ಅಂಗಡಿಯಲ್ಲಿ ನಾನು ಓಡಾಡುವ ಸಾಲಿನ ಪ್ರಕಾರ. ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಆಗಾಗ ಕೂತು ಅವಧಿ ಮುಗಿದದ್ದನ್ನು ತೆಗೆಯಬೇಕು, ಹೊಸದನ್ನು ಸೇರಿಸಬೇಕು. ಬೇಜಾರಿನ ಕೆಲಸ, ಸುಳ್ಳು ಯಾಕೆ ಹೇಳಲಿ. ಆ ಬೇಜಾರಿಗೇ ಇವರು ಗಾಳ ಹಾಕುವುದು.

ಆ್ಯಪ್ ಹಾಕಿಕೊಂಡೆ. ಮೊದಲು ಉಚಿತ ಟ್ರಯಲ್. ಉಚಿತ ಅಂದಮೇಲೆ ಕಾರ್ಡ್ ಯಾಕೆ? "ಪರಿಶೀಲನೆಗೆ ಮಾತ್ರ" ಅಂತ ಬರೆದಿತ್ತು. ಸರಿ, ಕೊಟ್ಟೆ. ಒಂದೊಂದೇ ಕೂಪನ್ ಮೇಜಿನ ಮೇಲಿಟ್ಟು ಫೋಟೋ ತೆಗೆದೆ. ಒಂದು ಫೋಟೋ ಆದ ಕೂಡಲೇ ಪರದೆಯ ಮೇಲೆ ಆ ಕೂಪನ್ ಪರಪರ ಅಂತ ಹರಿದು ಚೂರಾಗಿ ಕಸದ ಬುಟ್ಟಿಗೆ ಬೀಳುವ ಚಿತ್ರ ಬರುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ "ಇನ್ನು ಕಾಗದ ಬೇಡ! ಎಸೆದುಬಿಡಿ." ಎಷ್ಟು ಚಂದ ಮಾಡಿದ್ದಾರೆ ಅಂತ ತಂಗಿಗೆ ತೋರಿಸಲು ಸ್ಕ್ರೀನ್‌ಶಾಟ್ ಬೇರೆ ತೆಗೆದಿಟ್ಟೆ. ಆಮೇಲೆ ಅದೇ ಕೆಲಸಕ್ಕೆ ಬಂತು.

ಎಸೆದೆ. ಆಲ್ಬಮ್ ಪೂರ್ತಿ ಖಾಲಿ ಮಾಡಿದೆ.

ಆಮೇಲೆ ಅಂಗಡಿ. ಗಾಡಿ ತುಂಬಾ ಸಾಮಾನು. ಸೋಪು, ಬಟ್ಟೆ ಒಗೆಯುವ ಪುಡಿ, ಟೂತ್‌ಪೇಸ್ಟ್, ಎಲ್ಲವೂ ಆ್ಯಪ್ ಹೇಳಿದ ಪಟ್ಟಿಯ ಪ್ರಕಾರ. ಕೆಲವು ನಮ್ಮ ಮನೆಗೆ ಬೇಕೂ ಇರಲಿಲ್ಲ, ಕೂಪನ್ ಇದೆಯಲ್ಲ ಅಂತ ಹಾಕಿಕೊಂಡೆ. ಬಿಲ್ ಕೌಂಟರಿನಲ್ಲಿದ್ದ ಹುಡುಗ ಎಲ್ಲಾ ಸ್ಕ್ಯಾನ್ ಮಾಡಿ ಮುಗಿಸಿದ. ನಾನು ಫೋನ್ ಮುಂದೆ ಹಿಡಿದೆ.

"ಮೇಡಂ, ಇದು ಫೋಟೋ."

"ಹೌದಪ್ಪಾ, ಕೂಪನ್ ಫೋಟೋ."

"ಕೂಪನ್ ಎಲ್ಲಿದೆ ಮೇಡಂ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಉದ್ದ ಸಾಲು. ನಾನು ಇನ್ನೊಂದು ತೋರಿಸಿದೆ, ಮತ್ತೊಂದು ತೋರಿಸಿದೆ. ಅವನು ಪಾಪ ಮೆಷಿನ್ ಹಿಡಿದು ನೋಡಿದ, ಅದು ಫೋನಿನ ಗಾಜಿನ ಮೇಲಿನ ಗೆರೆಗಳನ್ನು ಓದಲೇ ಇಲ್ಲ. (ಹಳೇ ಕಾಲದ ಲೇಸರ್ ಸ್ಕ್ಯಾನರ್‌ಗಳು ಕಾಗದದ ಮೇಲಿನ ಬಾರ್‌ಕೋಡ್ ಮಾತ್ರ ಸರಿಯಾಗಿ ಓದುತ್ತವೆ, ಫೋನ್ ಪರದೆ ಓದಲು ಕ್ಯಾಮೆರಾ ಥರದ್ದೇ ಬೇಕು.) ಕೊನೆಗೆ ಮೇಲ್ವಿಚಾರಕಿಯನ್ನು ಕರೆದ. ಹಿಂದಿನಿಂದ ಯಾರೋ "ಬೇಗ ಮುಗಿಸಮ್ಮಾ" ಅಂದರು. ಕಿವಿಯೆಲ್ಲಾ ಬಿಸಿ ಆಯಿತು. ಅರ್ಧ ಸಾಮಾನು ಅಲ್ಲೇ ವಾಪಸ್ ತೆಗೆಸಿದೆ, ಉಳಿದದ್ದಕ್ಕೆ ಪೂರ್ತಿ ದುಡ್ಡು ಕೊಟ್ಟೆ. ಅಷ್ಟು ಜನರ ಮುಂದೆ ಮರ್ಯಾದೆ ಮೂರು ಕಾಸಿಗೆ ಹೋಯಿತು.

ಮೇಲ್ವಿಚಾರಕಿ ಮಾತ್ರ ಸಮಾಧಾನವಾಗಿ ಹೇಳಿದರು. ಪುಣ್ಯಾತ್ಗಿತ್ತಿ. ಸೋಪಿನ ಕಂಪನಿ ಕೊಡುವ ಕೂಪನ್ ಇದೆಯಲ್ಲ, ಆ ರಿಯಾಯಿತಿ ಅಂಗಡಿಯವರ ಜೇಬಿನಿಂದ ಹೋಗುವುದಲ್ಲ. ಅವರು ಆ ಕಾಗದಗಳನ್ನೆಲ್ಲ ಕೂಡಿಹಾಕಿ ಕಂಪನಿಗೋ, ಕಂಪನಿ ಪರವಾಗಿ ಲೆಕ್ಕ ಹಾಕುವವರಿಗೋ ಕಳಿಸುತ್ತಾರೆ. ಅಲ್ಲಿ ಎಣಿಸಿ ನೋಡಿದ ಮೇಲೆ ಅಂಗಡಿಗೆ ಹಣ ಬರುತ್ತದೆ. ಕಾಗದ ಇಲ್ಲದಿದ್ದರೆ ಅಂಗಡಿಗೆ ನಷ್ಟ. ಫೋಟೋ ಅಂದರೆ ಒಂದನ್ನೇ ನೂರು ಜನ ತೋರಿಸಬಹುದು, ಯಾರು ಒಪ್ಪುತ್ತಾರೆ?

ಬಾರ್‌ಕೋಡ್ ಇದೆಯಲ್ಲಾ, ನಂಬರ್ ಕೈಯಲ್ಲೇ ಒತ್ತಿ ಅಂತ ನಾನೂ ವಾದ ಮಾಡಿದೆ. ಮನೆಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಬಾರ್‌ಕೋಡ್ ಸಂಖ್ಯೆಗಳನ್ನು ಹಂಚುವ ಜಿಎಸ್1 ಸಂಸ್ಥೆ 990ರಿಂದ 999ರವರೆಗಿನ ಆರಂಭದ ಅಂಕಿಗಳನ್ನು ಕೂಪನ್‌ಗೆಂದೇ ತೆಗೆದಿಟ್ಟಿದೆ. ಆ ಅಂಕಿ ಕಂಡರೆ ಇದು ಸಾಮಾನಲ್ಲ, ಕೂಪನ್ ಅಂತ ಮೆಷಿನ್‌ಗೆ ತಿಳಿಯುತ್ತದೆ, ಅಷ್ಟೇ. ಕಾಗದ ಅಸಲಿಯೋ ನಕಲಿಯೋ ಅದಕ್ಕೇನು ಗೊತ್ತು. ಅದನ್ನು ನೋಡುವುದು ಕೌಂಟರಿನಲ್ಲಿರುವ ಮನುಷ್ಯ.

ಮತ್ತೆ ಮೊಬೈಲ್ ಕೂಪನ್ ನಡೆಯುತ್ತಲ್ವಾ ಅಂತ ಕೇಳುತ್ತೀರಿ. ನಡೆಯುತ್ತದೆ. ಅದು ಬೇರೆ. ಅಂಗಡಿಯವರೋ ಕಂಪನಿಯವರೋ ತಾವೇ ನಿಮ್ಮ ಸದಸ್ಯ ಖಾತೆಗೆ ಹಾಕಿರುತ್ತಾರೆ, ಬಿಲ್ ಆದಾಗ ಬಳಸಿದ ಕೂಪನ್ ಆ ಖಾತೆಯಿಂದ ಅಲ್ಲೇ ಕಡಿಮೆ ಆಗುತ್ತದೆ. ಈ ಆ್ಯಪ್‌ನಲ್ಲಿ ಇದ್ದದ್ದು ಸುಮ್ನೆ ಒಂದು ಚಿತ್ರ. ಯಾವ ಅಂಗಡಿಗೂ, ಯಾವ ಕಂಪನಿಗೂ ಸಂಬಂಧವಿಲ್ಲದ ಚಿತ್ರ!

ಆ್ಯಪ್‌ನವರಿಗೆ ದೂರು ಬರೆದೆ. ಈಗ ಅವರ ಉತ್ತರಗಳ ಕಥೆ ಕೇಳಿ. ಸಿಟ್ಟು ಬಂದದ್ದೇ ಇಲ್ಲಿ.

ಮೊದಲ ಉತ್ತರ: "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಕೂಪನ್ ಸ್ವೀಕರಿಸುವುದು ಆಯಾ ಅಂಗಡಿಯ ವಿವೇಚನೆಗೆ ಬಿಟ್ಟದ್ದು." ಅಂದರೆ ತಪ್ಪು ಅಂಗಡಿಯದ್ದು. ನಾನು ಮತ್ತೆ ಬರೆದೆ, ಕಾಗದ ಎಸೆಯಲು ಹೇಳಿದ್ದು ನೀವೇ ಅಲ್ವಾ ಅಂತ. "ಕಾಗದ ಎಸೆಯುವಂತೆ ನಾವು ಯಾವ ಗ್ರಾಹಕರಿಗೂ ಸೂಚಿಸುವುದಿಲ್ಲ" ಅಂತ ಬಂತು. ಸ್ಕ್ರೀನ್‌ಶಾಟ್ ಕಳಿಸಿದೆ. ಹರಿಯುವ ಚಿತ್ರ, ಬುಟ್ಟಿ, "ಎಸೆದುಬಿಡಿ" ಎಲ್ಲಾ ಇದೆ. ಅದಕ್ಕೆ ಬಂದ ಉತ್ತರ ನೋಡಿ: "ಅದು ಬಳಕೆದಾರರ ಮನರಂಜನೆಗಾಗಿ ಹಾಕಿರುವ ಚಿತ್ರ."

ಮನರಂಜನೆಯಂತೆ. ನಮ್ಮ ಕೂಪನ್ ಕಸಕ್ಕೆ, ಅವರಿಗೆ ಮನರಂಜನೆ.

ಮತ್ತೆ ಬರೆದೆ. ಈ ಸಲ "ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಅಂತ ಬಂತು. ಕಿವಿ ಮೇಲೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವಾ?

ಜೋಡಿಸುವ ಕೆಲಸವನ್ನಾದರೂ ನೆಟ್ಟಗೆ ಮಾಡಿದ್ದಾರಾ? ಅದೂ ಇಲ್ಲ. ಫೋಟೋಗಳನ್ನು ದೊಡ್ಡದು ಮಾಡಿ ಒಂದೊಂದೇ ನೋಡಿದೆ. ಕೂಪನ್ ಮೇಲೆ 06/07 ಅಂತ ಅಚ್ಚಾಗಿದ್ದರೆ ಅದು ಜೂನ್ 7 ಇರಬಹುದು, ಜುಲೈ 6 ಇರಬಹುದು. ಕೆಲವರು ದಿನ ಮೊದಲು ಹಾಕುತ್ತಾರೆ, ಕೆಲವರು ತಿಂಗಳು ಮೊದಲು. ಆ್ಯಪ್ ಎಲ್ಲವನ್ನೂ ಒಂದೇ ಥರ ಓದಿದೆ. 25 ಅಂತ ಇದ್ದರೆ ಬಚಾವ್, 25ನೇ ತಿಂಗಳು ಅಂತ ಇಲ್ಲವಲ್ಲ. ಎರಡೂ ಕಡೆ 12ರ ಒಳಗಿನ ಅಂಕಿ ಬಂದರೆ ಮುಗೀತು. ಅವಧಿ ಮುಗಿದದ್ದು ಹಸಿರು ಬಣ್ಣದಲ್ಲಿ "ಇನ್ನೂ ಸಮಯವಿದೆ" ಅಂತ ಕೂತಿತ್ತು. ಅಂದರೆ ಕಾಗದ ಕೈಯಲ್ಲಿದ್ದರೂ ಅವು ನಡೆಯುತ್ತಿರಲಿಲ್ಲ.

ಇನ್ನು ಷರತ್ತುಗಳು. ಚಿತ್ರ ಚಂದ ಕಾಣಲಿ ಅಂತ ಆ್ಯಪ್ ಅಂಚುಗಳನ್ನು ಕತ್ತರಿಸುತ್ತದೆ. ಕೂಪನ್‌ನಲ್ಲಿ ಮುಖ್ಯವಾದದ್ದೆಲ್ಲಾ ಆ ಅಂಚಿನ ಸಣ್ಣ ಅಕ್ಷರದಲ್ಲೇ ಇರುವುದು. ಯಾವ ಅಳತೆಯ ಪ್ಯಾಕ್, ಒಂದು ವಸ್ತುವಿಗೆ ಒಂದೋ ಇಡೀ ಬಿಲ್ಲಿಗೆ ಒಂದೋ, ಬೇರೆ ಕೂಪನ್ ಜೊತೆ ಸೇರಿಸಬಹುದೋ ಇಲ್ಲವೋ. ಅಂಗಡಿಯ ಕೂಪನ್ ಒಂದು, ಕಂಪನಿಯ ಕೂಪನ್ ಒಂದು ಒಂದೇ ವಸ್ತುವಿಗೆ ಕೆಲವು ಕಡೆ ಬಿಡುತ್ತಾರೆ. ಕಂಪನಿಯ ಕೂಪನ್ ಎರಡನ್ನು ಒಂದೇ ಸೋಪಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಕೂಪನ್ ಬಳಸುವವರಿಗೆ ಇದು ಗೊತ್ತಿರುವ ವಿಷಯವೇ. ಈ ಆ್ಯಪ್ ಎರಡನ್ನೂ ಒಂದಕ್ಕೇ ಸೇರಿಸಿ ಲೆಕ್ಕ ತೋರಿಸುತ್ತಿತ್ತು.

ಮೇಲುಗಡೆ ಒಂದು ದೊಡ್ಡ ಅಂಕಿ ಬೇರೆ. "ಈ ತಿಂಗಳು ನೀವು ಉಳಿಸಿದ್ದು." ದಿನದಿನಕ್ಕೂ ಏರುತ್ತಿತ್ತು, ನೋಡಿ ಖುಷಿಪಡುತ್ತಿದ್ದೆ. ಅದು ಉಳಿಸಿದ್ದಲ್ಲ ಸ್ವಾಮಿ, ಫೋಟೋ ತೆಗೆದದ್ದರ ಮೊತ್ತ! ಅಂಗಡಿಗೆ ಕಾಲಿಡುವ ಮುಂಚೆಯೇ ನನ್ನ ಉಳಿತಾಯ ಆಗಿಹೋಗಿತ್ತು.

ಕೌಂಟರಿನಿಂದ ಮನೆಗೆ ಬಂದವಳೇ ಆ್ಯಪ್ ತೆಗೆದುಹಾಕಿದೆ. ಪೀಡೆ ತೊಲಗಿತು ಅಂದುಕೊಂಡರೆ ಟ್ರಯಲ್ ಮುಗಿದ ಕೂಡಲೇ ಇಡೀ ವರ್ಷದ ಚಂದಾ ಕಾರ್ಡಿನಿಂದ ಹೋಯಿತು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಇದು ಎಲ್ಲರೂ ನೆನಪಿಡಿ. ಗೂಗಲ್ ಪ್ಲೇ ಆಗಲಿ ಆಪಲ್ ಆಗಲಿ, ಚಂದಾ ಪಟ್ಟಿಗೆ ಹೋಗಿ ಬೇರೆಯಾಗಿಯೇ ರದ್ದು ಮಾಡಬೇಕು. ಟ್ರಯಲ್ ಮುಗಿಯಲು ಕನಿಷ್ಠ 24 ಗಂಟೆ ಇರುವಾಗಲೇ ಮಾಡಿ ಅಂತ ಆಪಲ್‌ನವರೇ ಹೇಳುತ್ತಾರೆ. ನನ್ನ ಪಾಡು ಇನ್ನೂ ಕೆಟ್ಟದ್ದು. ಇವರು ಕಾರ್ಡ್ ತೆಗೆದುಕೊಂಡದ್ದು ತಮ್ಮದೇ ವೆಬ್‌ಸೈಟಿನಲ್ಲಿ. ಹಾಗಾಗಿ ಪ್ಲೇ ಸ್ಟೋರ್ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ, ಅಲ್ಲಿ ದೂರು ಕೊಟ್ಟೂ ಪ್ರಯೋಜನವಿಲ್ಲ.

ಹಣ ವಾಪಸ್ ಕೊಡಿ ಅಂದರೆ, "ನೀವು ಒಟ್ಟು ಉಳಿತಾಯ ಪಡೆದಿರುವುದು ನಮ್ಮ ದಾಖಲೆಯಲ್ಲಿ ಕಾಣುತ್ತಿದೆ, ಸೇವೆ ಬಳಸಿರುವುದರಿಂದ ಮರುಪಾವತಿ ಸಾಧ್ಯವಿಲ್ಲ." ಆ ಸುಳ್ಳು ಅಂಕಿಯನ್ನೇ ತಿರುಗಿಸಿ ನನ್ನ ಮುಖಕ್ಕೆ ಹಿಡಿದರು! ಇದನ್ನು ಓದಿ ಸುಮಾರು ಹೊತ್ತು ಫೋನ್ ಮುಟ್ಟಲಿಲ್ಲ. ಮುಟ್ಟಿದ್ದರೆ ಗೋಡೆಗೆ ಎಸೆಯುತ್ತಿದ್ದೆ.

ನನ್ನ ಮಾತು ಇಷ್ಟೇ. ಕೂಪನ್ ಜೋಡಿಸಲು ಆಲ್ಬಮ್ ಸಾಕು, ಲಕೋಟೆ ಸಾಕು. ಅವಧಿಯ ತಿಂಗಳನ್ನು ಅಕ್ಷರದಲ್ಲಿ ಮೇಲೆ ಬರೆದಿಡಿ. ಆ್ಯಪ್ ಬೇಕೇ ಬೇಕು ಅಂದರೆ ನೆನಪಿನ ಪಟ್ಟಿಯಂತೆ ಇಟ್ಟುಕೊಳ್ಳಿ, ಕಾಗದ ಮಾತ್ರ ಬಿಡಬೇಡಿ. ಬೇರೆ ಯಾವುದಕ್ಕೂ ಮೊದಲು ಒಂದೇ ಒಂದು ಕೂಪನ್ ಒಯ್ದು ಕೌಂಟರಿನಲ್ಲಿ ತೋರಿಸಿ ನೋಡಿ. ಉಚಿತ ಅಂತ ಹೇಳಿ ಕಾರ್ಡ್ ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ "ನಾವು ಹಾಗೆ ಹೇಳಿಲ್ಲ" ಅಂತಲೇ ಶುರು ಮಾಡುತ್ತಾರೆ.

ಕಾರ್ಡ್ ಬದಲಾಯಿಸಿದ್ದೇನೆ. ಬ್ಯಾಂಕಿಗೆ ದೂರು ಕೊಟ್ಟು ಸ್ಕ್ರೀನ್‌ಶಾಟ್, ಅವರ ಉತ್ತರ ಎಲ್ಲಾ ಕಳಿಸಿದ್ದೇನೆ, "ಪರಿಶೀಲನೆಯಲ್ಲಿದೆ" ಅನ್ನುತ್ತಿದ್ದಾರೆ. ಈ ನಡುವೆ ಆ್ಯಪ್‌ನವರಿಂದ ಇನ್ನೊಂದು ಮೇಲ್ ಬಂದಿದೆ. ನಿಮ್ಮನ್ನು ನೆನಪಿಸಿಕೊಳ್ಳುತ್ತಿದ್ದೇವೆ, ಮರಳಿ ಬಂದರೆ ಮುಂದಿನ ವರ್ಷದ ಚಂದಾ ಅರ್ಧಕ್ಕೆ, ತಗೊಳ್ಳಿ ಕೂಪನ್ ಅಂತ. ಅದರ ಅವಧಿ 05/08ಕ್ಕೆ ಮುಗಿಯುತ್ತದಂತೆ. ಮೇ ತಿಂಗಳೋ ಆಗಸ್ಟೋ ಅಂತ ಕೇಳಿದ್ದೇನೆ, ಉತ್ತರ ಬಂದಿಲ್ಲ.