ಇಸ್ತ್ರಿ ಪೆಟ್ಟಿಗೆ ಜುಮ್ ಅಂದಮೇಲೆ ಹಾಕಿಸಿದ ಆರ್‌ಸಿಸಿಬಿ: ಒಂದು ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಮೋಟರ್ ಹಾಕಿದ ಎರಡು ಮಿಷನ್, ಒಂದು ಇಸ್ತ್ರಿ ಪೆಟ್ಟಿಗೆ. ಕಳೆದ ವರ್ಷ ಆ ಪೆಟ್ಟಿಗೆ ಮುಟ್ಟಿದಾಗೆಲ್ಲ ಬೆರಳು ಜುಮ್ ಅನ್ನುತ್ತಿತ್ತು. ನಾನೋ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಸುಮ್ನೆ ಕೆಲಸ ಮುಂದುವರಿಸಿದೆ. ಒಂದು ದಿನ ಬ್ಲೌಸ್ ಕೇಳಲು ಬಂದ ಹುಡುಗಿ ಬರಿಗಾಲಲ್ಲಿ ನಿಂತು ಅದನ್ನು ಸರಿಸಲು ಹೋಗಿ ಕಿಟಾರನೆ ಕಿರುಚಿದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಮಾರನೇ ದಿನವೇ ವೈರಿಂಗ್‌ನವರನ್ನು ಕರೆಸಿದೆ. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಟ್ ಮಾಡುವ ಸ್ವಿಚ್ಚು, ನಮ್ಮ ಮನೆಗೆ ಬಂದಿದ್ದು ಹೀಗೆ.

ಪೆಟ್ಟಿಗೆಯ ವೈರು ಬುಡದಲ್ಲಿ ಸವೆದಿತ್ತು. ಸಾಲದ್ದಕ್ಕೆ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದೆ, ಅರ್ಥಿಂಗ್ ಸಿಗುವುದಾದರೂ ಎಲ್ಲಿಂದ?

"ಎಂಸಿಬಿ ಇದೆಯಲ್ಲ, ಅದ್ಯಾಕೆ ಬೀಳಲಿಲ್ಲ?" ಅಂದೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು.

"ಅದು ವೈರು ಸುಡದ ಹಾಗೆ ನೋಡಿಕೊಳ್ಳೋಕೆ ಅಕ್ಕ, ನಿಮ್ಮನ್ನಲ್ಲ" ಅಂದರು.

ಲೈಟಿನ ಲೈನಿಗೆ ಹಾಕುವ 6 ಆಂಪಿನ ಎಂಸಿಬಿ ಕೂಡ 6 ಆಂಪ್ ದಾಟದೆ ಬೀಳುವುದಿಲ್ಲ. ಆರ್‌ಸಿಸಿಬಿಯ ಲೆಕ್ಕವೇ ಬೇರೆ. ಫೇಸಿನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ನೋಡುತ್ತಲೇ ಇರುತ್ತೆ. 30 ಮಿಲಿಆಂಪ್, ಅಂದರೆ ಆ 6 ಆಂಪಿನ 200ರಲ್ಲಿ ಒಂದು ಪಾಲು ಸೋರಿದರೂ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುತ್ತೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಇದಕ್ಕೂ ಗೊತ್ತಾಗುವುದಿಲ್ಲ.

ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಮೊದಲು 100 ಮಿಲಿಆಂಪ್ ಸೋರಿದರೆ ಬೀಳುವಂಥದ್ದು ಕೊಡಲು ಬಂದರು. ಮನುಷ್ಯರ ಜೀವಕ್ಕೆ 30ರದ್ದೇ ಬೇಕು. ಐಎಸ್‌ಐ ಗುರುತು ನೋಡಿ, 40 ಆಂಪಿನ ಎರಡು ಪೋಲಿನದು, ಅಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಟ್ ಮಾಡುವಂಥದ್ದು ತಂದೆ.

ಮೊದಲ ದಿನ ಲಿವರ್ ಮೇಲೆತ್ತಿದರೆ ಠಪ್ ಅಂತ ಕೆಳಗೆ. ಮತ್ತೆ ಎತ್ತಿದರೆ ಮತ್ತೆ ಠಪ್. ಮಾಲೇ ಸರಿಯಿಲ್ಲ ಅಂತ ಬೈದುಕೊಂಡೆ. ಆಮೇಲೆ ನೋಡಿದರೆ ಇನ್ವರ್ಟರಿನ ನ್ಯೂಟ್ರಲ್ಲನ್ನು ಯಾರೋ ಹಿಂದೆ ಮನೆಯ ನ್ಯೂಟ್ರಲ್ಲಿಗೇ ಸೇರಿಸಿದ್ದರು. ಹೋದ ಕರೆಂಟ್ ಬೇರೆ ದಾರಿಯಲ್ಲಿ ವಾಪಸ್ ಬಂದರೂ ಇದಕ್ಕೆ ಸೋರಿದ ಹಾಗೇ ಲೆಕ್ಕ. ಬೇರೆ ಮಾಡಲು ಅರ್ಧ ದಿನ ಹಿಡಿಯಿತು. ಹಳೇ ಮನೆಯವರು ಈ ಕೂಲಿಯನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ಜುಲೈ ಮಳೆಯಲ್ಲಿ ರಾತ್ರಿ ಒಂಬತ್ತಕ್ಕೆ ಇಡೀ ಮನೆ ಕತ್ತಲು. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಮೇಲೆ ಮಾಡುತ್ತಾ ಬಂದೆ. ಹೊರಗಿನ ಲೈನಿಗೆ ಬಂದಾಗ ಬಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಬಲ್ಬ್ ಹೋಲ್ಡರಿನೊಳಗೆ ನೀರು ಹೋಗಿತ್ತು. ದಿನಾ ಬೆಳಗ್ಗೆ ಅತ್ತೆ ಒದ್ದೆ ಕೈಯಲ್ಲಿ ಒತ್ತುವ ಸ್ವಿಚ್ಚು ಅದೇ ಲೈನಿನದು!

ದೂರು ಅಂದರೆ ಒಂದೇ. ಇಡೀ ಮನೆಗೆ ಒಂದೇ ಹಾಕಿಸಿದ್ದು ನನ್ನ ಜಿಪುಣತನ. ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದರೆ ಟ್ರಿಪ್ ಆಗಿ ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು, ಹಾಲು ಎಲ್ಲ ಹಾಳು. ದೀಪಾವಳಿಗೆ ಹೊಲಿಗೆ ದುಡ್ಡು ಬಂದಮೇಲೆ ಫ್ರಿಜ್ಜಿಗೆ ಬೇರೆಯದೇ ಹಾಕಿಸುತ್ತೇನೆ.

ಆರ್‌ಸಿಸಿಬಿಯ ಮೈಮೇಲೆ 'ಟಿ' ಅಂತ ಒಂದು ಗುಂಡಿ ಇದೆ, ಒತ್ತಿದರೆ ಅದು ಬೀಳಬೇಕು. ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ, ಅತ್ತೆಯ ಧಾರಾವಾಹಿ ಮುಗಿದ ಮೇಲೆ.